ಹಂಡೆಯಿಂದ ಎತ್ತುವ ಹೊತ್ತು

ಜಾಲರಿ ಬುಟ್ಟಿಯನ್ನು ಹಂಡೆಯಿಂದ ಮೇಲೆತ್ತುತ್ತಿರುವಾಗಲೇ ಚಿಕ್ಕಕ್ಕನಿಗೆ ಗೊತ್ತಾಯಿತು, ಹದ ತಪ್ಪಿತು ಎಂದು. ಎಳೆಎಳೆಯಾಗಿ ಜಾರಬೇಕಿದ್ದ ನೂಡಲ್ಸು ಒಂದನ್ನೊಂದು ತಬ್ಬಿಕೊಂಡು, ತಂತಿಯ ಸಂದುಗಳಲ್ಲಿ ಕಲಸಿದ ಹಿಟ್ಟಿನಂತೆ ಒಸರುತ್ತಿತ್ತು. ಒಂದೆಳೆ ತೆಗೆದು ಬೆರಳ ನಡುವೆ ಹಿಚುಕಿದಳು. ಬೆರಳಿಗೆ ಉಳಿದದ್ದು ಬರೀ ಅಂಟು.

"ಏನಾಯ್ತೇ?" ಅಂಗಳದ ಆ ತುದಿಯಲ್ಲಿ ಬಾಡಿಗೆ ಕುರ್ಚಿಗಳನ್ನು ಬಿಡಿಸುತ್ತಿದ್ದ ಗಂಡ ಕೇಳಿದ.

"ಬೀದಿ ನಾಯಿಗಳ ಅದೃಷ್ಟ ಖುಲಾಯಿಸ್ತು. ತಗೊಂಡ್ ಹೋಗಿ ಹಾಕಿ."

"ಪೂರ್ತಿನಾ?"

"ಇಲ್ಲ, ಅರ್ಧ ನಿಮಗೆ ಎತ್ತಿಡ್ಲಾ?"

ಅವನು ಹತ್ತಿರ ಬಂದ. ಹಂಡೆಯೊಳಗೆ ಇಣುಕಿದ, ಆಮೇಲೆ ತೆರೆದ ಬಾಗಿಲಿನ ಕಡೆ ನೋಡಿದ. ಒಳಗೆ, ಕಿಟಕಿಯ ಕೆಳಗಿನ ಮಂಚದ ಮೇಲೆ, ನಿನ್ನೆ ಸಂಜೆ ಉಸಿರು ನಿಂತ ಅವನ ಅತ್ತಿಗೆ ಮಲಗಿದ್ದಳು.

ಗಿರಣಿಯವರ ಬಾಯಲ್ಲಿ ಅವಳು ದೊಡ್ಡಕ್ಕ, ಇವಳು ಚಿಕ್ಕಕ್ಕ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಂಗಳಕ್ಕೆ ಬಂದ ಓರಗಿತ್ತಿಯರು. ದೊಡ್ಡಕ್ಕನ ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನೇಯ್ಗೆ ಗಿರಣಿಯ ಗೇಟಿನ ಎದುರು ಇಪ್ಪತ್ತೆರಡು ವರ್ಷ ಒಂದೇ ತಳ್ಳುಗಾಡಿಯ ಮೇಲೆ ಕೋಳಿ ನೂಡಲ್ಸು ಮಾಡಿ ಮಾರಿದರು. ಆ ಇಪ್ಪತ್ತೆರಡರಲ್ಲಿ ಕೊನೆಯ ಹನ್ನೊಂದು ವರ್ಷ ಒಬ್ಬರ ಜೊತೆ ಒಬ್ಬರು ಮಾತಾಡಿರಲಿಲ್ಲ.

ಹೋದ ವಾರ, ಉಸಿರು ಏರಿಳಿಯತೊಡಗಿದಾಗ, ದೊಡ್ಡಕ್ಕ ಮೈದುನನನ್ನು ಕರೆದು ಹೇಳಿದ್ದಳು: "ಬೆಳಗಿನ ಪಾಳಿ ಬಿಟ್ಟ ಮೇಲೆ ನನ್ನನ್ನ ಎತ್ತು. ಗಿರಣಿಯವರು ಬರ್ತಾರೆ. ಆರು ಗಂಟೆಯಿಂದ ನಿಂತ ಕಾಲಲ್ಲೇ ಇರ್ತಾರೆ ಪಾಪ. ಹಸಿದ ಹೊಟ್ಟೇಲಿ ನನ್ನ ಹಿಂದೆ ನಡೆಸಬೇಡ. ಒಂದೊಂದು ತಟ್ಟೆ ತಿನ್ನಿಸು."

ಮಾಡುವವರು ಯಾರು ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬೆಳಗಿನ ಪಾಳಿ ಎರಡು ಗಂಟೆಗೆ ಬಿಡುತ್ತದೆ. ಶವದ ವ್ಯಾನು ನಾಲ್ಕಕ್ಕೆ. ಈಗ ಹನ್ನೆರಡೂವರೆ. ಮೂಟೆಯಲ್ಲಿ ಇನ್ನೂ ಎರಡು ಹಂಡೆಗಾಗುವಷ್ಟು ನೂಡಲ್ಸು ಉಳಿದಿತ್ತು.

"ಗಡಿಯಾರ ಇಟ್ಕೊಂಡು ಬೇಯಿಸೇ," ಎಂದ ಗಂಡ.

"ನಿಮಿಷ ಬರೆದು ಕೊಡೋಕೆ ಇದೇನು ಹೊಳೆಯೋ ಪೊಟ್ಟಣದ್ದಾ? ಕಾರ್ಖಾನೆಯವರು ಗುಡಿಸಿ ಮೂಟೆ ಕಟ್ಟಿದ ಚೂರು. ದಪ್ಪ, ತೆಳು ಎಲ್ಲಾ ಕಲಸಿದೆ. ಒಂದು ಉಸಿರು ಮುಂಚೆ ತೆಗೆದ್ರೆ ಕಡ್ಡಿ, ಒಂದು ಉಸಿರು ತಡ ಆದ್ರೆ ಅಂಟು."

"ಮತ್ತೆ ಅತ್ತಿಗೆ ಹೇಗೆ ತೆಗೀತಿದ್ರು?"

ಚಿಕ್ಕಕ್ಕ ಬುಟ್ಟಿಯನ್ನು ಹಂಡೆಯ ಅಂಚಿಗೆ ಕುಟ್ಟಿ ಅಂಟು ಉದುರಿಸಿದಳು. ಹನ್ನೊಂದು ವರ್ಷ ಪಕ್ಕದಲ್ಲೇ ನಿಂತಿದ್ದರೂ ಅದು ಅವಳಿಗೂ ಗೊತ್ತಿರಲಿಲ್ಲ. ಇದ್ದದ್ದು ಒಂದು ಅನುಮಾನ. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಒಳಗಿನಿಂದ ದರ್ಜಿ ಅತ್ತೆ ಹೊರಗೆ ಬಂದಳು. ಪಕ್ಕದ ಮನೆಯ ದರ್ಜಿಯ ಹೆಂಡತಿ. ಈ ಬೀದಿಯಲ್ಲಿ ಹುಟ್ಟಿದವರಿಗೆ ಮೊದಲ ನೀರು, ಹೋದವರಿಗೆ ಕೊನೆಯ ನೀರು ಅವಳದೇ ಕೈಯದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಚಿಕ್ಕಕ್ಕನ ಕಿವಿಯ ಹತ್ತಿರ ಬಂದಳು.

"ಬಾಯಿ ಮುಚ್ತಾ ಇಲ್ಲ ಕಣೇ."

"ಬಟ್ಟೆ ಕಟ್ಟಿ."

"ಎರಡು ಸಲ ಕಟ್ಟಿದೆ. ಮತ್ತೆ ತೆರ್ಕೊಳ್ಳುತ್ತೆ. ಏನೋ ಹೇಳೋದು ಬಾಕಿ ಇದ್ದವರ ಹಾಗೆ." ಅತ್ತೆ ಧ್ವನಿ ತಗ್ಗಿಸಿದಳು. "ಒಂದು ಸಲ ಒಳಗೆ ಬಾ. ಒಂದೇ ಒಂದು ಮಾತು ಆಡು. 'ಅಕ್ಕಾ' ಅಂದ್ರೂ ಸಾಕು. ನಿನ್ನದೇನು ಗಂಟು ಹೋಗುತ್ತೆ?"

"ಬದುಕಿದ್ದಾಗ ಆಡದ ಮಾತು ಈಗ ಯಾಕೆ ಅತ್ತೆ? ನನಗೆ ಕೋಳಿ ಬಿಡಿಸೋದಿದೆ."

"ಕೋಳಿ ಓಡಿ ಹೋಗುತ್ತಾ? ಅದು ಸತ್ತಿದೆ," ಎಂದು ಅತ್ತೆ ಸಿಡುಕಿ, ಆಡಿದ ಮಾತಿಗೆ ತಾನೇ ನಾಲಗೆ ಕಚ್ಚಿಕೊಂಡು ಒಳಗೆ ಹೋದಳು.

ಚಿಕ್ಕಕ್ಕ ಮಣೆಯ ಮೇಲೆ ಕುಳಿತಳು. ಬೆಳಗಿನಿಂದ ಈರುಳ್ಳಿ, ಮೆಣಸಿನ ಜೊತೆ ಕುದಿದ ಕೋಳಿಯ ಕತ್ತು, ಬೆನ್ನು, ರೆಕ್ಕೆಯ ತುದಿಗಳು ಬುಟ್ಟಿಯಲ್ಲಿ ಆರುತ್ತಿದ್ದವು. ಮಾಂಸದಂಗಡಿಯಲ್ಲಿ ಬೇರೆಯವರು ಬೇಡವೆಂದು ಬಿಟ್ಟುಹೋಗುವ ಭಾಗ. ಒಂದೊಂದು ಮೂಳೆಯ ಸಂದಿಯಿಂದ ನಾರುನಾರಾಗಿ ಮಾಂಸ ಬಿಡಿಸತೊಡಗಿದಳು. ಕೈಗೆ ಕೆಲಸ ಇದ್ದರೂ ಕಣ್ಣಿಗೆ ನಿನ್ನೆಯ ಸಂಜೆಯೇ ಕಟ್ಟುತ್ತಿತ್ತು. ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಂಚದ ಮೇಲಿಂದ ದೊಡ್ಡಕ್ಕ ಇವಳನ್ನೇ ನೋಡಿದಳು. ತುಟಿ ಅಲುಗಿತು, ಮತ್ತೆ ಅಲುಗಿತು. ಚಿಕ್ಕಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು, ಬಾಯಿ ಮಾತ್ರ ಹಾಗೇ ತೆರೆದಿತ್ತು.

ಕೊನೆಗೂ ಶಪಿಸಿಯೇ ಹೋದಳೇ? ಚಿಕ್ಕಕ್ಕನನ್ನು ನಿನ್ನೆಯಿಂದ ಮಲಗಗೊಡದೆ, ಕೂರಗೊಡದೆ ಕಾಡುತ್ತಿದ್ದದ್ದು ಇದೊಂದೇ.

* * *

ತಳ್ಳುಗಾಡಿಯ ಎಡತುದಿಯಲ್ಲಿ ಹಂಡೆ, ಬಲತುದಿಯಲ್ಲಿ ಬಾಣಲೆ. ಎಡಕ್ಕೆ ದೊಡ್ಡಕ್ಕ, ಬಲಕ್ಕೆ ಚಿಕ್ಕಕ್ಕ. ನಡುವೆ ಎರಡು ಒಲೆಗಳು ಭುಸುಗುಡುವ ಸದ್ದು. ಮುನಿಸು ಬಂತೆಂದು ಗಾಡಿಯನ್ನು ಸೀಳಿ ಹಂಚಿಕೊಳ್ಳುವಂತಿರಲಿಲ್ಲ. ಒಬ್ಬಳು ಬೇಯಿಸಿ ಎತ್ತಿದ್ದನ್ನು ಬಿಸಿ ಆರುವ ಮುಂಚೆ ಇನ್ನೊಬ್ಬಳು ಬಾಣಲೆಗೆ ಎಳೆದುಕೊಳ್ಳಬೇಕು. ಮೊದಲು ಬೆಳ್ಳುಳ್ಳಿ, ಅದು ಕೆಂಪಾಗುವ ಮುಂಚೆ ಕೋಳಿ, ಆಮೇಲೆ ಕ್ಯಾರೆಟ್ಟು, ಬೀನ್ಸು, ಎಲ್ಲಕ್ಕಿಂತ ಕೊನೆಗೆ ಕೋಸು. ಕೋಸಿನ ಹೊರಗಿನ ಒರಟು ಎಲೆ, ದಿಂಡು ಕೂಡ ಸಣ್ಣಗೆ ಹೆಚ್ಚಿ. ಅದರ ಮೇಲೆ ನೂಡಲ್ಸು. ಸಾಸು ಬಾಣಲೆಯ ಅಂಚಿನಿಂದ ಸುರಿದರೆ ಚುರ್ ಎಂದು ಅರ್ಧ ಬೀದಿಗೆ ವಾಸನೆ ಹೋಗುತ್ತಿತ್ತು.

"ಕೋಳಿ ಸಿಕ್ಕದಿದ್ರೂ ಪರವಾಗಿಲ್ಲ, ಕೋಳಿ ಎಲ್ಲೋ ಇಲ್ಲೇ ಓಡಾಡಿಕೊಂಡಿದೆ ಅಂತ ನಾಲಗೆಗೆ ಅನ್ನಿಸ್ಬೇಕು," ಎನ್ನುತ್ತಿದ್ದಳು ದೊಡ್ಡಕ್ಕ. ಅದಕ್ಕೇ ಅವಳು ನೂಡಲ್ಸನ್ನು ಬರಿ ನೀರಿನಲ್ಲಿ ಬೇಯಿಸುತ್ತಿರಲಿಲ್ಲ, ಮೂಳೆ ಕುದಿಸಿದ ರಸದಲ್ಲೇ ಬೇಯಿಸುತ್ತಿದ್ದಳು.

ಮಾತು ಬಿಟ್ಟ ಮೇಲೆ ಗಿರಾಕಿಗಳೇ ಅಂಚೆಯವರಾದರು.

"ಯಾರಾದ್ರೂ ಆ ಕಡೆಯವರಿಗೆ ಹೇಳ್ರಪ್ಪಾ, ಕ್ಯಾರೆಟ್ಟು ಬೆಂಕಿಕಡ್ಡಿ ಥರ ಇರಬೇಕು, ಸೌದೆ ಥರ ಅಲ್ಲ ಅಂತ."

"ಈ ಕಡೆಯವರು ಹೇಳಿದ್ರು ಅಂತ ಹೇಳಿ, ಬೆಂಕಿಕಡ್ಡಿ ಎದುರು ಅಂಗಡೀಲಿ ಸಿಗುತ್ತೆ ಅಂತ."

ನಡುವೆ ತಟ್ಟೆ ಹಿಡಿದು ನಿಂತವನು ಎರಡೂ ಕಡೆ ಕತ್ತು ತಿರುಗಿಸಿ, "ಹೇಳಿದ್ದಾಯ್ತು, ಕೇಳಿದ್ದಾಯ್ತು, ಈಗ ಇಬ್ಬರೂ ಸೇರಿ ನನ್ನ ತಟ್ಟೆಗೆ ಏನಾದ್ರೂ ಹೇಳ್ತೀರಾ?" ಎನ್ನುತ್ತಿದ್ದ. ಸಾಲು ನಗುತ್ತಿತ್ತು. ಅವರಿಬ್ಬರು ನಗುತ್ತಿರಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ದೊಡ್ಡಕ್ಕನ ತುಟಿ.

ನೂಡಲ್ಸು ರಸಕ್ಕೆ ಬಿದ್ದ ಗಳಿಗೆಯಿಂದ ಅವಳ ತುಟಿ ಅಲುಗಲು ಶುರುವಾಗುತ್ತಿತ್ತು. ಸದ್ದಿಲ್ಲ. ಕಣ್ಣು ಹಬೆಯ ಮೇಲೆ, ತುಟಿ ಒಂದೇ ಸಮನೆ. ಕೊನೆಗೆ ಒಮ್ಮೆ ತಲೆ ತಗ್ಗಿಸಿ, ಬುಟ್ಟಿ ಮೇಲೆತ್ತುತ್ತಿದ್ದಳು. ಪ್ರತಿದಿನ, ಪ್ರತಿ ಹಂಡೆಗೂ ಇದೇ. ಪ್ರಾರ್ಥನೆ ಇರಬಹುದು ಎಂದು ಮೊದಮೊದಲು ಚಿಕ್ಕಕ್ಕ ತನಗೇ ಹೇಳಿಕೊಂಡಳು. ಪ್ರಾರ್ಥನೆ ಮಾಡುವವರ ಮುಖ ಅಷ್ಟು ಬಿಗಿದಿರುವುದಿಲ್ಲ. ಒಮ್ಮೆ ಕಣ್ಣಂಚಿನಲ್ಲಿ ನೋಡುತ್ತಿರುವಾಗ ದೊಡ್ಡಕ್ಕ ಇವಳ ಕಡೆ ತಿರುಗಿದಳು. ತುಟಿ ಥಟ್ಟನೆ ನಿಂತಿತು, ಕದ್ದು ಸಿಕ್ಕಿಬಿದ್ದವರ ಹಾಗೆ. ಅಂದಿನಿಂದ ಚಿಕ್ಕಕ್ಕನಿಗೆ ಅನುಮಾನ ಉಳಿಯಲಿಲ್ಲ. ನನಗೇ ಹಾಕುತ್ತಿದ್ದಾಳೆ ಶಾಪ, ಕೊನೆಗೆ ತಲೆ ತಗ್ಗಿಸುವುದು ಅದಕ್ಕೆ ಮುದ್ರೆ ಒತ್ತಿದ ಹಾಗೆ. ಆ ಹಬೆಯ ಪಕ್ಕದಲ್ಲೇ ನಿಂತು ಹನ್ನೊಂದು ವರ್ಷ ಅವಳು ಕೋಸು ಹೆಚ್ಚಿದಳು.

* * *

ಎರಡು ಗಂಟೆ ಹತ್ತು ನಿಮಿಷಕ್ಕೆ ಗಿರಣಿಯವರು ಬಂದರು. ಮನೆಗೆ ಹೋಗಿ ಬಟ್ಟೆ ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಲೆಯ ಮೇಲೆ, ಹುಬ್ಬಿನಲ್ಲಿ, ಹೆಗಲಿನಲ್ಲಿ ಹತ್ತಿಯ ಬಿಳಿ ಪುಡಿ ಹಾಗೆಯೇ ಇತ್ತು. ಒಬ್ಬೊಬ್ಬರಾಗಿ ಒಳಗೆ ಹೋಗಿ, ಮಂಚದ ಕಾಲ ಬಳಿ ಒಂದು ಗಳಿಗೆ ನಿಂತು, ಹೊರಗೆ ಬಂದು ಅಂಗಳದಲ್ಲಿ ಗುಂಪಾದರು. ಕುರ್ಚಿಗಳು ಸಾಲಲಿಲ್ಲ. ನಲವತ್ತಕ್ಕೆ ಕಡಿಮೆ ಇರಲಿಲ್ಲ ಜನ.

ಸಾವಿನ ಮನೆಗೆ ತಕ್ಕ ಮೌನ ಅದಲ್ಲ. ಅವರು ಮಾತಾಡುತ್ತಿದ್ದರು, ಸದ್ದಿಲ್ಲದೆ. ಮಗ್ಗದ ಶೆಡ್ಡಿನಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಕಿರುಚಿದರೂ ಪಕ್ಕದವರಿಗೆ ಕೇಳದು. ಹಾಗಾಗಿ ಸೇರಿದ ವರ್ಷದೊಳಗೆ ಎಲ್ಲರೂ ತುಟಿ ಓದುವುದನ್ನು ಕಲಿಯುತ್ತಾರೆ. ವಯಸ್ಸು ನಲವತ್ತು ದಾಟುವಷ್ಟರಲ್ಲಿ ಬೇರೆ ದಾರಿಯೂ ಇರುವುದಿಲ್ಲ, ಕಿವಿ ಹೋಗಿರುತ್ತದೆ. ಬೀದಿಯಲ್ಲಿ ಹೋಗುವವರಿಗೆ ಗಿರಣಿಯವರ ಗುಂಪು ನೋಡಿದರೆ ಹೆದರಿಕೆ. ಅಷ್ಟು ಬಾಯಿ ಆಡುತ್ತಿದ್ದರೂ ಒಂದು ಸೊಲ್ಲು ಇರುವುದಿಲ್ಲ.

ಅವರಲ್ಲಿ ಜೋರಮ್ಮ ಒಬ್ಬಳು ಬೇರೆ ಥರ. ಮೂವತ್ತು ವರ್ಷ ಮಗ್ಗದ ಪಕ್ಕ ನಿಂತು ಕಿವಿ ಪೂರ್ತಿ ಬರಿದಾಗಿದ್ದರೂ, ಅವಳಿಗೆ ಧ್ವನಿ ಎತ್ತಿ ಮಾತಾಡುವ ಚಪಲ ಬಿಟ್ಟಿರಲಿಲ್ಲ. ತನ್ನ ಧ್ವನಿ ತನಗೇ ಕೇಳದ್ದರಿಂದ ಪಿಸುಮಾತೆಂದು ಅವಳು ಆಡಿದ್ದು ಮೂರು ಮನೆಯಾಚೆ ಹೋಗುತ್ತಿತ್ತು.

"ನಾನು ಮೆಲ್ಲಗೆ ಹೇಳ್ತೀನಿ ಕೇಳು," ಎಂದು ಅವಳು ಚಿಕ್ಕಕ್ಕನ ಹತ್ತಿರ ಬಂದು ಗುಡುಗಿದಳು. "ಮುಖ ಸಣ್ಣಗಾಗೋಗಿದೆ ಅವಳದ್ದು. ಊಟ ಮಾಡ್ತಿದ್ಲೋ ಇಲ್ವೋ?"

ಅಂಗಳವೆಲ್ಲ ಇತ್ತ ತಿರುಗಿತು. ಚಿಕ್ಕಕ್ಕ ತಲೆ ಆಡಿಸಿದಳು.

ಹಂಡೆಯಲ್ಲಿ ರಸ ಕುದಿಯುತ್ತಿತ್ತು. ತರಕಾರಿ ಹೆಚ್ಚಿಟ್ಟಾಗಿತ್ತು, ಕೋಳಿ ಬಿಡಿಸಿಟ್ಟಾಗಿತ್ತು. ನೂಡಲ್ಸಿನ ರಾಶಿಯನ್ನು ಮೊರದಲ್ಲಿ ಹಿಡಿದು ಚಿಕ್ಕಕ್ಕ ಅರ್ಧ ಗಂಟೆಯಿಂದ ಮೂರು ಸಲ ಹಂಡೆಯ ಹತ್ತಿರ ಬಂದಿದ್ದಳು, ಮೂರು ಸಲವೂ ಹಾಕದೆ ಹಿಂದೆ ಸರಿದಿದ್ದಳು. ಇದೂ ಕೆಟ್ಟರೆ ನಲವತ್ತು ಜನ ಹಸಿದ ಹೊಟ್ಟೆಯಲ್ಲಿ ದೊಡ್ಡಕ್ಕನ ಹಿಂದೆ ನಡೆಯುತ್ತಾರೆ. ಕೊನೆಯ ಮಾತೊಂದನ್ನು ಕೇಳಲಿಲ್ಲ, ಕೊನೆಯ ಆಸೆಯನ್ನೂ ನಡೆಸಲಿಲ್ಲ ಎಂದಾಗುತ್ತದೆ. ಹಬೆ ಮುಖಕ್ಕೆ ರಾಚಿತು. ಹಬೆಯ ಆಚೆ, ದೊಡ್ಡಕ್ಕ ನಿಲ್ಲುತ್ತಿದ್ದ ಎತ್ತರದಲ್ಲೇ, ಏನೋ ಅಲುಗಿದಂತಾಯಿತು. ಅವಳು ಕಣ್ಣು ಮುಚ್ಚಿಕೊಂಡಳು.

* * *

ಮಗುವಿನ ಹೆಸರು ಬೇರೆ ಇತ್ತು, ಆದರೆ ಎಲ್ಲರಿಗೂ ಅವಳು ಗುಬ್ಬಿ. ಒಂಬತ್ತು ವರ್ಷ. ಹೆತ್ತವಳು ಚಿಕ್ಕಕ್ಕ, ಹೊತ್ತು ಮೆರೆಸಿದವಳು ದೊಡ್ಡಮ್ಮನಾದ ದೊಡ್ಡಕ್ಕ. ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ ಎಂದು ಒಂದು ತಿಂಗಳು ಮನೆ, ಬೀದಿ, ಗಾಡಿ ಒಂದನ್ನೂ ಬಿಡದೆ ಅದನ್ನೇ ಹೇಳಿಕೊಂಡು ತಿರುಗಿದ್ದಳು. ಬೆಳಕನ್ನು ಮನೆಗೆ ಕರೆಯುವ ಎಂಟು ನುಡಿಯ ಪದ್ಯ. ಐದನೆಯದಾದ ಮೇಲೆ ಯಾವಾಗಲೂ ಏಳನೆಯದಕ್ಕೆ ಹಾರುತ್ತಿದ್ದಳು. "ಆರನೇದು ಎಲ್ಲೇ?" ಎಂದರೆ, "ಅದು ಮಲಗಿದೆ," ಎನ್ನುತ್ತಿದ್ದಳು.

ಆ ದಿನ ಬೆಳಗಿನಿಂದ ಜ್ವರ. ಗಾಡಿಯ ಕೆಳಗೆ ಖಾಲಿ ಗೋಣಿಚೀಲಗಳ ಮೇಲೆ ಮಲಗಿಸಿದ್ದರು. ಎರಡಕ್ಕೆ ಪಾಳಿ ಬಿಟ್ಟಿತು, ಸಾಲು ಗೇಟಿನವರೆಗೆ ಬೆಳೆಯಿತು. ಚಿಕ್ಕಕ್ಕ ಬಗ್ಗಿ ಹಣೆ ಮುಟ್ಟಿ ನೋಡಿದಳು.

"ಅಕ್ಕಾ, ಮೈ ಕಾದ ಕಾವಲಿ ಆಗಿದೆ."

ದೊಡ್ಡಕ್ಕ ಬುಟ್ಟಿ ಹಿಡಿದ ಕೈ ನಿಲ್ಲಿಸದೆ ಹೇಳಿದಳು: "ಈ ಒಂದು ಹಂಡೆ ಮುಗೀಲಿ. ಇಬ್ರೂ ಹೋಗೋಣ."

ಆ ಹಂಡೆ ಮುಗಿಯಿತು. ಅದರ ಹಿಂದೆ ಇನ್ನೊಂದು ಹಂಡೆಯೂ ಮುಗಿಯಿತು. ಆಸ್ಪತ್ರೆಯ ಓಣಿಯಲ್ಲಿ ದೊಡ್ಡಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದ್ದಳು, ಚಿಕ್ಕಕ್ಕ ಚಪ್ಪಲಿ ಬಿಟ್ಟು ಹಿಂದೆ ಓಡಿದ್ದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: "ಒಂದು ಅರ್ಧ ಗಂಟೆ ಮುಂಚೆ ತಂದಿದ್ರೆ..."

ಮಣ್ಣು ಮಾಡಿ ಬಂದ ದಿನ ಇದೇ ಅಂಗಳದಲ್ಲಿ ಚಿಕ್ಕಕ್ಕ ಓರಗಿತ್ತಿಯ ಮುಂದೆ ನಿಂತಳು. "ಒಂದು ಹಂಡೆ ಒಂದು ಹಂಡೆ ಅಂತ ನನ್ನ ಮಗೂನ ತಿಂದೆ. ಇನ್ನು ಮೇಲೆ ಅವಳ ಹೆಸರು ನಿನ್ನ ಬಾಯಿಂದ ನನ್ನ ಕಿವಿಗೆ ಬೀಳಬಾರದು. ನಿನ್ನ ಮಾತೂ ಬೇಡ."

ದೊಡ್ಡಕ್ಕ ತಲೆ ತಗ್ಗಿಸಿದಳು. ಮತ್ತೆ ಆ ಹೆಸರು ಅವಳ ಬಾಯಿಂದ ಕೇಳಿಬರಲೇ ಇಲ್ಲ.

* * *

"ಯಾಕೆ ಹಾಕ್ತಾ ಇಲ್ಲ?" ಜೋರಮ್ಮ ಮೊರಕ್ಕೆ ಬೆರಳು ತೋರಿಸಿ ಕೇಳಿದಳು. "ನೀರು ಇಂಗಿ ಹೋಗುತ್ತೆ."

ಚಿಕ್ಕಕ್ಕ ಅವಳ ಕಡೆ ಮುಖ ಮಾಡಿ, ತುಟಿ ಬಿಡಿಬಿಡಿಯಾಗಿ ಆಡಿಸಿ ಹೇಳಿದಳು: "ಯಾವಾಗ ಎತ್ತಬೇಕು ಅಂತ ಗೊತ್ತಿಲ್ಲ."

"ಅಯ್ಯೋ ನಿನ್ನ! ಪದ್ಯ ಮುಗಿದಾಗ ಎತ್ತು."

"ಯಾವ ಪದ್ಯ?"

"ಯಾವ ಪದ್ಯ ಅಂತ ನನ್ನ ಕೇಳ್ತೀಯಲ್ಲೇ! ಗುಬ್ಬೀದು! ನಿನ್ನ ಮಗಳದ್ದು!"

ಹನ್ನೊಂದು ವರ್ಷ ಆ ಅಂಗಳದಲ್ಲಿ ಯಾರೂ ಆಡದ ಹೆಸರು ಗೋಡೆಗೆ ಬಡಿದು ತಿರುಗಿ ಬಂತು. ಕುರ್ಚಿ ಜರುಗಿಸುತ್ತಿದ್ದ ಗಂಡನ ಕೈ ನಿಂತಿತು. ಬಾಗಿಲಲ್ಲಿ ದರ್ಜಿ ಅತ್ತೆ ಕಾಣಿಸಿಕೊಂಡಳು.

"ಅವಳು ಹೇಳ್ತಿದ್ದದ್ದು..." ಚಿಕ್ಕಕ್ಕ ಮೊರವನ್ನು ಎದೆಗೆ ಒತ್ತಿಕೊಂಡಳು.

"ದಿನಾ ಅದೇ ಅಲ್ವಾ? ನೂಡಲ್ಸು ಹಾಕೋಳು, ಪದ್ಯ ಶುರು ಮಾಡೋಳು. ಆ ಮಗು ಹಂಡೆ ಪಕ್ಕ ಡಬ್ಬದ ಮೇಲೆ ನಿಂತು ಹೇಳ್ತಿತ್ತಲ್ಲ, ಹಾಗೇ. ಕೊನೇಲಿ, 'ಎಲ್ಲರಿಗೂ ವಂದನೆಗಳು, ನಾನು ಗುಬ್ಬಿ' ಅನ್ನೋದು, ತಲೆ ಬಗ್ಗಿಸೋದು, ಎತ್ತೋದು. ಒಂದು ದಿನ ಹದ ತಪ್ಪಲಿಲ್ಲ. ಅಳತೆಗೆ ಅಂತಲೇ ಹೇಳ್ತಿದ್ಲೋ, ಹೇಳೋಕಂತಲೇ ಬೇಯಿಸ್ತಿದ್ಲೋ, ನಮಗೇನು ಗೊತ್ತು?"

"ನನಗೆ ಕೇಳಿಸಲೇ ಇಲ್ಲ," ಎಂದಳು ಚಿಕ್ಕಕ್ಕ. "ಧ್ವನಿ ಇರಲಿಲ್ಲ."

ಜೋರಮ್ಮ ಅವಳ ತುಟಿಯನ್ನೇ ನೋಡಿದಳು. ಓದಿದ್ದು ಸರಿಯೇ ಎಂದು ಪಕ್ಕದಲ್ಲಿದ್ದ ಉದ್ದನೆಯ ನೇಕಾರನ ಕಡೆ ತಿರುಗಿದಳು. ಅವನು ಹೌದೆಂದು ಕಣ್ಣು ಮುಚ್ಚಿ ತೆರೆದ.

"ಧ್ವನಿ ಇರಲಿಲ್ವಾ?" ಮೊದಲ ಸಲ ಜೋರಮ್ಮನ ಧ್ವನಿ ತಾನಾಗಿ ತಗ್ಗಿತು. "ಅದು ನಮಗೆ ಹೇಗೆ ಗೊತ್ತಾಗ್ಬೇಕೇ, ತಾಯಿ? ತುಟಿ ಆಡಿದ್ರೆ ನಮಗೆ ಅದೇ ಮಾತು. ಕಿವಿ ಇಲ್ಲದ ನಮಗೇ ಅಷ್ಟು ಚೆನ್ನಾಗಿ ಕೇಳಿಸ್ತಿತ್ತು. ಕಿವಿ ಇದ್ದು ಪಕ್ಕದಲ್ಲೇ ನಿಂತಿರೋಳಿಗೆ ಕೇಳಿಸ್ದೆ ಇರುತ್ತಾ ಅಂದ್ಕೊಂಡ್ವಿ. ಮಾತು ಬಿಟ್ಟಿದ್ರೂ ಮಗೂಗೋಸ್ಕರ ಇದೊಂದನ್ನ ಇಬ್ರೂ ಇಟ್ಕೊಂಡಿದಾರೆ ಅಂತ... ಅದಕ್ಕೇ ನಾವ್ಯಾರೂ ಬಾಯಿ ಹಾಕಲಿಲ್ಲ."

ಉದ್ದನೆಯ ನೇಕಾರ ನೆಲ ನೋಡುತ್ತ, ಕಿವುಡರ ಏರಿಳಿತವಿಲ್ಲದ ಧ್ವನಿಯಲ್ಲಿ ಹೇಳಿದ: "ನನ್ನ ಮಗಳಿಗೂ ಅದೇ ಪದ್ಯ ಕಲಿಸಿದೀನಿ ಚಿಕ್ಕಕ್ಕಾ. ದೊಡ್ಡಕ್ಕನ ಬಾಯಿ ನೋಡಿ ಕಲಿತದ್ದು. ಅವಳ ಟೀಚರು, ಒಂದು ನುಡಿ ಬಿಟ್ಟು ಹೋಗಿದೆ ಅಂದ್ರಂತೆ."

ಚಿಕ್ಕಕ್ಕ ಮೊರವನ್ನು ಹಂಡೆಯ ಮೇಲೆ ಹಿಡಿದಳು. ತನ್ನ ಕಿವಿಗೆ ಬೀಳಬಾರದು ಎಂದದ್ದು ತಾನೇ. ಆ ಮಾತನ್ನು ದೊಡ್ಡಕ್ಕ ಅಕ್ಷರಕ್ಕೆ ಅಕ್ಷರ ನಡೆಸಿದ್ದಳು. ಕಿವಿಗೆ ಬೀಳದ ಹಾಗೆ, ದಿನಕ್ಕೆ ಎಂಟು ಹಂಡೆಗೆ ಎಂಟು ಸಲ, ಮೊಳದಷ್ಟು ದೂರದಲ್ಲಿ ನಿಂತು ಗುಬ್ಬಿಯ ಹೆಸರು ಹೇಳಿಕೊಂಡು ಬಂದಿದ್ದಳು.

ಮೊರ ಬಾಗಿತು. ನೂಡಲ್ಸು ರಸಕ್ಕೆ ಬಿತ್ತು.

ಜೋರಮ್ಮ ಶುರು ಮಾಡಿದಳು, ಈ ಸಲ ಧ್ವನಿಯಿಲ್ಲದೆ. ಆಮೇಲೆ ಉದ್ದನೆಯವನು. ಆಮೇಲೆ ಅವನ ಹಿಂದಿನವರು, ಕುರ್ಚಿಯಲ್ಲಿದ್ದವರು, ಗೋಡೆಗೆ ಒರಗಿದ್ದವರು. ಕುದಿಯುವ ಸದ್ದೊಂದು ಬಿಟ್ಟರೆ ಅಂಗಳದಲ್ಲಿ ಏನೂ ಕೇಳುತ್ತಿರಲಿಲ್ಲ. ನಲವತ್ತು ಬಾಯಿಗಳು ಒಟ್ಟಿಗೆ ಮುಚ್ಚುತ್ತಿದ್ದವು, ಒಟ್ಟಿಗೆ ತೆರೆಯುತ್ತಿದ್ದವು. ಚಿಕ್ಕಕ್ಕನಿಗೆ ತುಟಿ ಓದಲು ಬರುತ್ತಿರಲಿಲ್ಲ. ಆದ್ದರಿಂದ ಮೊದಲ ಗಳಿಗೆ ಬರೀ ಬಾಯಿಗಳು ಕಂಡವು, ಹೆದರಿಕೆಯಾಯಿತು. ಆಮೇಲೆ ಒಳಗೆಲ್ಲಿಂದಲೋ ಪದಗಳು ಎದ್ದು ಬಂದು ಆ ಬಾಯಿಗಳಲ್ಲಿ ಕುಳಿತುಕೊಂಡವು:

ಬಾ ಬೆಳಕೇ ಬಾ, ಬಾಗಿಲು ತೆರೆದಿದೆ ಬಾ,
ಮುಚ್ಚಿದ ಮೊಗ್ಗಿನ ಮೈ ಮುಟ್ಟಿ ಎಬ್ಬಿಸು ಬಾ...

ನುಡಿಯ ಮೇಲೆ ನುಡಿ ಉರುಳಿತು. ಬಾವಿಗೆ ಬಂತು ಬೆಳಕು, ಮರಕ್ಕೆ ಬಂತು, ಗೂಡಿಗೆ ಬಂತು. ಐದನೆಯದು ಮುಗಿಯಿತು. ಚಿಕ್ಕಕ್ಕನ ನಾಲಗೆಯ ಮೇಲೆ ಆರನೆಯದು ಬಂದು ನಿಂತಿತು: ಮಲಗಿದ ಮಗುವಿನ ಕಣ್ಣಿಗೆ ಮೆಲ್ಲನೆ ಬಾ. ನಲವತ್ತು ಬಾಯಿಗಳು ಅದನ್ನು ದಾಟಿ ಹೋದವು. ಅವಳು ಹಲ್ಲು ಕಚ್ಚಿ ಅವರ ಹಿಂದೆ ಹೋದಳು.

ಕೊನೆಯಲ್ಲಿ ಎಲ್ಲ ತುಟಿಗಳೂ ಒಮ್ಮೆ ಸೇರಿ ಬಿಟ್ಟವು. ಅದು ಗುಬ್ಬಿಯ ಹೆಸರು. ಹತ್ತಿಯ ಪುಡಿ ಮೆತ್ತಿದ ನಲವತ್ತು ತಲೆಗಳು ಬಾಗಿದವು.

ಚಿಕ್ಕಕ್ಕ ಬುಟ್ಟಿ ಎತ್ತಿದಳು. ಎಳೆಎಳೆಯಾಗಿ ಜಾರುತ್ತ, ಹೊಳೆಯುತ್ತ ಬಂತು.

ಬಾಣಲೆ ಕಾದಿತ್ತು. ಕೈಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ಬೆಳ್ಳುಳ್ಳಿ, ಕೋಳಿ, ಕ್ಯಾರೆಟ್ಟು, ಬೀನ್ಸು, ಕೋಸು. ಮೇಲೆ ನೂಡಲ್ಸು, ಅಂಚಿನಿಂದ ಸಾಸು. ಗಂಡ ತಟ್ಟೆ ಹಿಡಿದ, ದರ್ಜಿ ಅತ್ತೆ ಹಂಚಿದಳು. ತಿನ್ನುವವರು ಮಾತಾಡಲಿಲ್ಲ, ತುಟಿಯಲ್ಲೂ.

"ಕ್ಯಾರೆಟ್ಟು ಸೌದೆ ಥರಾನೇ ಇದೆ," ಎಂದಳು ಜೋರಮ್ಮ, ತನಗೆ ತಾನೇ ಎಂದುಕೊಂಡು, ಇಡೀ ಬೀದಿಗೆ ಕೇಳುವಂತೆ. ಯಾರೋ ನಕ್ಕರು. ಆ ನಗೆಯಲ್ಲೇ ಯಾರೋ ಅತ್ತರು.

ಇಪ್ಪತ್ತು ತಟ್ಟೆಗೆ ಬಾಣಲೆ ಬರಿದಾಯಿತು. ಚಿಕ್ಕಕ್ಕ ಹಣೆಯ ಬೆವರು ಒರೆಸಿಕೊಂಡು, ತಲೆ ಎತ್ತಿ ನೋಡಿ, ಹಂಡೆಯ ಪಕ್ಕದಲ್ಲಿದ್ದ ಗಂಡನಿಗೆ ಹೇಳಿದಳು:

"ಇನ್ನೊಂದು ಹಾಕಿ. ಸಾಲು ಇನ್ನೂ ಇದೆ."

ಹೇಳಿದ ಮಾತು ಅವಳ ಕಿವಿಗೇ ಬಂದು ಬಿತ್ತು. ಅದು ಹೊಸ ಮಾತಲ್ಲ. ಈ ಬೆವರು, ಈ ಸೌಟು, ಹೀಗೇ ತಲೆ ಎತ್ತಿ ಸಾಲು ನೋಡಿದ್ದು. ಆ ದಿನ ಎಡಗಡೆ ದೊಡ್ಡಕ್ಕ ಆಗಲೇ ಒಲೆ ಆರಿಸಿ, ಗಾಡಿಯ ಕೆಳಗೆ ಬಗ್ಗಿ, ಗೋಣಿಚೀಲದ ಮೇಲಿನ ಮಗುವಿಗೆ ಕೈ ಚಾಚಿದ್ದಳು. ಬಲಗಡೆಯಿಂದ ಒಂದು ಧ್ವನಿ ಬಂದಿತ್ತು: ಇನ್ನೊಂದು ಹಾಕು ಅಕ್ಕಾ, ಸಾಲು ಇನ್ನೂ ಇದೆ. ದೊಡ್ಡಕ್ಕ ಒಮ್ಮೆ ಇವಳ ಮುಖ ನೋಡಿ, ಮಗುವನ್ನು ನೋಡಿ, ಮತ್ತೆ ಒಲೆ ಹಚ್ಚಿದ್ದಳು. ಇದನ್ನು ಹನ್ನೊಂದು ವರ್ಷದಲ್ಲಿ ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ, ಗಿರಾಕಿಗಳ ಮೂಲಕವೂ ಇಲ್ಲ.

"ಏನೇ, ಯಾಕೆ ನಿಂತೆ?" ಗಂಡ ಕೇಳಿದ.

"ನೀವು ಹಾಕಿ. ಎತ್ತೋದಕ್ಕೆ ಅವರೆಲ್ಲ ಇದಾರೆ."

ಎರಡನೆಯ ಹಂಡೆಯನ್ನು ಗಿರಣಿಯವರೇ ಎತ್ತಿಸಿದರು, ತಾವೇ ಬಾಡಿಸಿಕೊಂಡು ತಿಂದರು. ಚಿಕ್ಕಕ್ಕ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಯಾರೂ ಅವಳನ್ನು ಏಳಿಸಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬೀದಿಯ ತುದಿಯಲ್ಲಿ ವ್ಯಾನು ಕಂಡಿತು.

ಆಗ ಅವಳು ಎದ್ದಳು. ಕೈ ತೊಳೆದುಕೊಂಡಳು. ಬಾಗಿಲಲ್ಲಿ ದರ್ಜಿ ಅತ್ತೆ ಪಕ್ಕಕ್ಕೆ ಸರಿದು, ಒಳಗಿದ್ದ ಇಬ್ಬರು ಹೆಂಗಸರನ್ನು ಕಣ್ಣಲ್ಲೇ ಹೊರಗೆ ಕರೆದಳು.

ಕಿಟಕಿಯ ಕೆಳಗೆ ದೊಡ್ಡಕ್ಕ ಮಲಗಿದ್ದಳು. ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ ಮತ್ತೆ ಸಡಿಲವಾಗಿತ್ತು. ತುಟಿ ಅರೆ ತೆರೆದಿತ್ತು, ನುಡಿಯೊಂದರ ನಡುವೆ ಉಸಿರೆಳೆದುಕೊಳ್ಳಲು ನಿಂತವಳ ಹಾಗೆ. ನಿನ್ನೆ ಆ ತುಟಿ ಆಡಿದ್ದೇನು ಎಂದು ಹೇಳಬಲ್ಲವರು ನಲವತ್ತು ಜನ ಹೊರಗಿದ್ದರು. ನಿನ್ನೆ ಇಲ್ಲಿದ್ದವಳು ಇವಳೊಬ್ಬಳು, ಗೋಡೆ ನೋಡುತ್ತ.

ಚಿಕ್ಕಕ್ಕ ಮಂಚದ ಅಂಚು ಹಿಡಿದು ಬಗ್ಗಿದಳು. ಅಕ್ಕಾ ಎಂದಳು. ಧ್ವನಿ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಎಂದಳು. ಬರಲಿಲ್ಲ. ತುಟಿ ಮಾತ್ರ ಆಡಿತು.

ತಲೆ ಎತ್ತಿದಾಗ ಕಿಟಕಿಯಾಚೆ ಅಂಗಳ ಕಂಡಿತು. ವ್ಯಾನಿಗಾಗಿ ಸಾಲಾಗಿ ನಿಂತ ಗಿರಣಿಯವರ ಮುಖಗಳೆಲ್ಲ ಕಿಟಕಿಯ ಕಡೆಗೇ ಇದ್ದವು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

ಎರಡನೇ ಹಂಡೆ, ಎಂದಿತು ತುಟಿ. ಅಕ್ಕಾ, ಎರಡನೇ ಹಂಡೆ ಹಾಕು ಅಂದದ್ದು...

ಮಗ್ಗದ ಶೆಡ್ಡಿನಲ್ಲಿ ಇಬ್ಬರ ನಡುವಿನ ಮಾತು ಬೇರೆಯವರು ಕೇಳಬಾರದು ಎಂದಿದ್ದರೆ ಯಾರೂ ದೂರ ಹೋಗುವುದಿಲ್ಲ, ಸುತ್ತಲಿನವರು ಮುಖ ತಿರುಗಿಸಿಕೊಳ್ಳುತ್ತಾರೆ. ಮೊದಲು ತಿರುಗಿದವಳು ಜೋರಮ್ಮ. ಪಕ್ಕದ ಉದ್ದನೆಯವನ ತೋಳು ಹಿಡಿದು ಅವನನ್ನೂ ತಿರುಗಿಸಿದಳು. ಅವನನ್ನು ನೋಡಿ ಅವನ ಹಿಂದಿನವರು, ಅವರನ್ನು ನೋಡಿ ಗೋಡೆಯ ಬಳಿಯವರು, ಒಬ್ಬರಾದ ಮೇಲೆ ಒಬ್ಬರು ತಿರುಗಿದರು. ಕೊನೆಗೆ ಕಿಟಕಿಯ ತುಂಬ ಉಳಿದದ್ದು ಬೆನ್ನುಗಳು. ವ್ಯಾನು ಬಂದು ನಿಂತಿತು, ಚಾಲಕ ಇಳಿದು ಏನೋ ಕೇಳಿದ. ಯಾರೂ ಅಲುಗಲಿಲ್ಲ. ಬಿಸಿಲಿನಲ್ಲಿ ಆ ಬೆನ್ನುಗಳ ಮೇಲಿಂದ ಹತ್ತಿಯ ಸಣ್ಣ ಎಳೆಗಳು ಎದ್ದು, ಎಲ್ಲೂ ಇಳಿಯದೆ, ಅಂಗಳದ ಗಾಳಿಯಲ್ಲಿ ತೇಲುತ್ತಿದ್ದವು.